ಮಾತಿನ ಸ್ವರ, ಹಾಡಿನ ಸ್ವರ

ಬಾಬುರಾಯನಕೊಪ್ಪಲಿನ ಬೀದಿಯಲ್ಲಿ ಒಬ್ಬನು ‘ಬಳೆ’ ಎಂದು ತಗ್ಗುದನಿಯಲ್ಲಿ ಹೇಳಲಿ, ಏರುದನಿಯಲ್ಲಿ ಕೂಗಲಿ, ಅರ್ಥವೊಂದೇ. ಆದರೆ ಮೊದಲ ಅಕ್ಷರವನ್ನು ಎಳೆದೊಡನೆಯೇ ಅದು ‘ಬಾಳೆ’ಯಾಗುತ್ತದೆ. ಇಲ್ಲಿ ಅರ್ಥವನ್ನು ನಿರ್ಣಯಿಸುವುದು ಅಕ್ಷರದ ಕಾಲಪ್ರಮಾಣವೇ ಹೊರತು ಧ್ವನಿಯ ಸ್ಥಾಯಿಯಲ್ಲ. ಸೆಕೆಂಡಿಗೆ ಕಂಪನಗಳು ಹೆಚ್ಚಿದಷ್ಟೂ ಸ್ಥಾಯಿ ಏರುತ್ತದೆ.

ಆದಕಾರಣ ಕನ್ನಡದ ರಾಗಸಂಯೋಜಕನಿಗೆ ಸ್ವಾತಂತ್ರ್ಯ ಹೆಚ್ಚು. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಜನಿಸಿದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಪ್ರಕಟವಾದುದು 1942ರಲ್ಲಿ. ಅದನ್ನಾಧರಿಸಿದ 1992ರ ಚಲನಚಿತ್ರಕ್ಕೆ ಸಿ. ಅಶ್ವತ್ಥರು ಸಂಗೀತವಿತ್ತರು. ಇಂತಹ ಕವಿತೆಗಳಲ್ಲಿ ರಾಗವು ಏರಿದರೂ ಇಳಿದರೂ ಪದದ ಅರ್ಥ ಕೆಡದು. ಹ್ರಸ್ವವು ದೀರ್ಘವೆಂಬಂತೆ ಕೇಳಿಸಿದರೆ ಮಾತ್ರ ಅಪಾಯ.

ನೈಜೀರಿಯದ ಯೊರುಬಾ ಭಾಷೆಯಲ್ಲಿ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ತಗ್ಗು, ನಡು, ಮೇಲು ಎಂಬ 3 ಸ್ಥಾಯಿಗಳಿವೆ. ‘ಒಕೊ’ ಎಂಬುದನ್ನು ನಡು–ನಡುವಾಗಿ ನುಡಿದರೆ ಗಂಡ, ನಡು–ಮೇಲಾದರೆ ಗುದ್ದಲಿ, ತಗ್ಗು–ತಗ್ಗಾದರೆ ಈಟಿ! ಕ್ರೈಸ್ತ ಪಾದ್ರಿಗಳು ಯೊರುಬಾ ಅನುವಾದದ ಸ್ತೋತ್ರಗಳನ್ನು ಐರೋಪ್ಯ ರಾಗಗಳಲ್ಲಿಯೇ ಹಾಡಿಸಿದಾಗ ಎಷ್ಟೋ ಪದಗಳ ಅರ್ಥ ಕೆಟ್ಟಿತು. ಮುಂದೆ ಆ ನಾಡಿನವರೇ ನುಡಿಯ ಏರಿಳಿತವನ್ನನುಸರಿಸಿ ಹೊಸ ರಾಗಗಳನ್ನು ಕಟ್ಟಿದರು.

ಅಲ್ಲಿಯ ಜನಪ್ರಿಯ ‘ಜೂಜೂ’ ಸಂಗೀತದಲ್ಲಿ ವಾದ್ಯವೂ ಮಾತನಾಡುತ್ತದೆ. ಬುಡುಬುಡಿಕೆಯಂತೆ ನಡು ಸಣ್ಣಗಿರುವ ಒಂದು ಚರ್ಮವಾದ್ಯದ ಹುರಿಗಳನ್ನು ಕಂಕುಳಲ್ಲಿ ಅದುಮಿದರೆ ಚರ್ಮದ ಬಿಗಿತ ಹೆಚ್ಚಿ ಸ್ಥಾಯಿ ಏರುತ್ತದೆ. ತತ್ತ್ವತಃ ಬಿಗಿತವು ನಾಲ್ಮಡಿಯಾದರೆ ಕಂಪನಸಂಖ್ಯೆ ಇಮ್ಮಡಿಯಾಗುತ್ತದೆ. ಹೀಗೆ ವಾದಕನು ಪದಗಳ ಏರಿಳಿತವನ್ನೇ ನುಡಿಸುತ್ತಾನೆ. ಬಲ್ಲವರು ಅದರಲ್ಲಿ ವಾಕ್ಯವನ್ನೇ ಕೇಳುತ್ತಾರೆ.

ಆದ್ದರಿಂದ ಮಾತಿಗೆ ರಾಗ ಹಾಕುವವನು ಮೊದಲು ಪರೀಕ್ಷಿಸಬೇಕಾದುದಿಷ್ಟೆ: ಈ ನುಡಿಯಲ್ಲಿ ಅರ್ಥವನ್ನು ಹೊತ್ತಿರುವುದು ಕಾಲವೋ, ಸ್ಥಾಯಿಯೋ? ಅದನ್ನು ಕಾಪಾಡಿದರೆ ಉಳಿದುದೆಲ್ಲವೂ ಅವನ ಕಲ್ಪನೆಗೆ ಬಿಟ್ಟದ್ದು.