ಮೆಗ್ನೀಸಿಯಂ ಗಾಲಿಯ ಹುಳುಕು ಹುಡುಕುವವರು

ಬೈಕಿನ ಗಾಲಿ ರಿಪೇರಿ ಮಾಡುವ ಶೆಡ್ಡಿನಲ್ಲಿ ಅಡುಗೆಮನೆಯ ವಿನೆಗರ್‌ ಬಾಟಲಿಗೇನು ಕೆಲಸ? ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂಬದಿಯ ಓಣಿಯಲ್ಲಿ ಅರ್ಧ ಆಯುಷ್ಯವನ್ನು ರಿಮ್ಮಿನ ಬೆಂಡ್‌ ತೆಗೆಯುವುದರಲ್ಲೇ ಕಳೆದ ಮೇಸ್ತ್ರಿಯೊಬ್ಬರಿದ್ದಾರೆ. ಅವರ ಮೇಜಿನ ಮೇಲೆ ಡಯಲ್‌ ಗೇಜಿನ ಪಕ್ಕದಲ್ಲೇ ಆ ಬಾಟಲಿಯ ಜಾಗ. ಹಳೆಯ ರೇಸ್‌ ಬೈಕಿನದೋ, ಇಟಲಿಯಿಂದ ಬಂದ ಡುಕಾಟಿಯದೋ ಗಾಲಿ ಬಂದರೆ ಮೊದಲು ಟೈರು ಬಿಚ್ಚುತ್ತಾರೆ. ಹೊರಗೆ ಕಾಣದ ಕಡೆ ಉಗುರಿನಗಲ ಬಣ್ಣ ಕೆರೆದು, ಬರಿ ಲೋಹದ ಮೇಲೆ ಒಂದು ಹನಿ ವಿನೆಗರ್‌ ಬಿಡುತ್ತಾರೆ. ಅಲ್ಯೂಮಿನಿಯಂ ಆದರೆ ಹನಿ ಸುಮ್ಮನೆ ಕೂರುತ್ತದೆ. ಮೆಗ್ನೀಸಿಯಂ ಆದರೆ ಕೂಡಲೇ ಚುರುಚುರು ಗುಳ್ಳೆ ಏಳುತ್ತದೆ. ಹನಿ ಒರೆಸಿ, ತೊಳೆದು, ಒಣಗಿಸಿ, ಗಾಲಿಯ ಮೇಲೆ ಸೀಮೆಸುಣ್ಣದಲ್ಲಿ ‘ಮೆ’ ಎಂದು ಬರೆದಿಟ್ಟ ಮೇಲೆಯೇ ಮಿಕ್ಕ ಮಾತು.

ಆ ಒಂದಕ್ಷರಕ್ಕೆ ಯಾಕೆ ಅಷ್ಟು ಬೆಲೆ? ನಮ್ಮ ಗ್ಯಾರೇಜುಗಳಲ್ಲಿ ತಂತಿಕಡ್ಡಿಯಿಲ್ಲದ ಗಾಲಿಗೆಲ್ಲ ‘ಮ್ಯಾಗ್‌ ವೀಲ್‌’ ಎನ್ನುವುದು ರೂಢಿ. ರಸ್ತೆಯಲ್ಲಿ ಓಡುವ ಅಂಥ ಗಾಲಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಲ್ಯೂಮಿನಿಯಂ. ಅಪರೂಪಕ್ಕೆ ನಿಜವಾದ ಮೆಗ್ನೀಸಿಯಂ ಬಂದಾಗಲೂ ಅದು ಉಳಿದವುಗಳ ಜೊತೆ ಬಣ್ಣ ಬಿಡಿಸುವ ಅದೇ ತೊಟ್ಟಿಗೆ ಬೀಳುತ್ತದೆ. ಈ ಎರಡು ಲೋಹಗಳ ಸ್ವಭಾವವೋ ಪೂರಾ ಉಲ್ಟಾ. ಕಾಸ್ಟಿಕ್‌ ಸೋಡಾ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಮೆಗ್ನೀಸಿಯಂ ಅದನ್ನು ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂ ತೊಳೆಯುವ ಫಾಸ್ಫರಿಕ್‌ ಆಸಿಡ್ಡಿಗೆ ಮೆಗ್ನೀಸಿಯಂ ಇಳಿಸಿದರೆ ಲೋಹವೇ ಕರಗಲು ಶುರು. ‘ಯಾವ ಲೋಹ ಅಂತ ಕೇಳದೆ ಬಣ್ಣ ಹೊಡೆಯೋನ ಹತ್ರ ಗಾಲಿ ಕೊಡಬೇಡಿ ಸಾರ್‌’ ಎಂಬುದು ಮೇಸ್ತ್ರಿಯ ಮೊದಲ ಪಾಠ.

ಎರಡನೆಯ ಪಾಠ, ನೋಡುವುದು. ಅದನ್ನು ಅವರು ಮಾಡುವ ಬಗೆಯೇ ಬೇರೆ. ಥಳಥಳಿಸುವ ಮುಂಭಾಗವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಗಾಲಿಯನ್ನು ಮಗುಚಿ, ಟೈರಿನ ಅಂಚು ಕೂರುವ ಜಾಗದಲ್ಲಿ ಹೆಬ್ಬೆರಳು ಓಡಿಸುತ್ತಾರೆ. ಅಲ್ಲಿ ಬಣ್ಣ ಉಬ್ಬಿದ್ದರೆ, ಉಗುರು ಹಾಕಿದಾಗ ಬೂದುಮಿಶ್ರಿತ ಬಿಳಿ ಪುಡಿ ಉದುರಿದರೆ, ತುಕ್ಕು ಬಣ್ಣದಡಿ ಹಬ್ಬಿದೆ ಎಂದೇ ಅರ್ಥ. ‘ಪಂಚರ್‌ ಇಲ್ಲ, ವಾಲ್ವ್‌ ಸರಿ ಇದೆ, ಆದರೂ ವಾರಕ್ಕೊಮ್ಮೆ ಗಾಳಿ ಇಳಿಯುತ್ತೆ’ ಎಂದು ದೂರುವವರ ಗಾಲಿಯಲ್ಲಿ ಈ ಜಾಗವನ್ನೇ ಅವರು ಮೊದಲು ಅನುಮಾನಿಸುವುದು. ಆಮೇಲೆ ವಾಲ್ವಿನ ತೂತು, ಬ್ಯಾಲೆನ್ಸ್‌ ಮಾಡಲು ಅಂಟಿಸಿದ ತೂಕದ ಅಡಿಭಾಗ, ಡಿಸ್ಕ್‌ ಬೋಲ್ಟಿನ ಸುತ್ತ, ಕೊನೆಗೆ ಬೇರಿಂಗ್‌ ಕೂರುವ ಗುಂಡಿ. ಉಕ್ಕು ಎಲ್ಲೆಲ್ಲಿ ಮೆಗ್ನೀಸಿಯಮ್ಮನ್ನು ಮುಟ್ಟುತ್ತದೋ, ನೀರು ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲೆಲ್ಲ ಅವರ ಬೆರಳು ಹೋಗಿಬರುತ್ತದೆ.

ಅಲ್ಯೂಮಿನಿಯಂ ತುಕ್ಕು ಬಣ್ಣದಡಿ ದಾರದೆಳೆಯಂತೆ ಹರಿಯುತ್ತದೆ. ಬಹುತೇಕ ಮೇಲ್ಮೈಯಲ್ಲೇ ಉಳಿಯುತ್ತದೆ. ಮೆಗ್ನೀಸಿಯಂ ತುಕ್ಕು ಆಳಕ್ಕಿಳಿಯುತ್ತದೆ. ಪುಡಿ ಒರೆಸಿದರೆ ಕಪ್ಪು ತಳದ ಸಣ್ಣ ಗುಣಿ ಕಾಣುತ್ತದೆ. ಗುಣಿಯ ಬಾಯಿ ಕಿರಿದು, ಹೊಟ್ಟೆ ದೊಡ್ಡದಿದ್ದರೂ ಆಶ್ಚರ್ಯವಿಲ್ಲ. ಇಂಥ ಗುಣಿಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬಂಗಾರದ ಬಣ್ಣ ಹೊಡೆದ ಗಾಲಿಯೊಂದನ್ನು ಅವರು ನನ್ನೆದುರೇ ಬಿಚ್ಚಿದರು. ಪುಟ್ಟಿ ಬಿಲ್ಲೆಯಾಗಿ ಕಿತ್ತುಬಂತು. ಅದರಡಿ ಲೋಹ ಒದ್ದೆ ಪುಡಿಯಾಗಿತ್ತು. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಲೋಹಕ್ಕೆ ತುಕ್ಕಿನ ಗೀಳು ಯಾಕೆ? ಅಲ್ಯೂಮಿನಿಯಂ ತನ್ನ ಮೈಮೇಲೆ ತಾನೇ ಬಿಗಿಯಾದ ಆಕ್ಸೈಡ್‌ ಪೊರೆ ಕಟ್ಟಿಕೊಳ್ಳುತ್ತದೆ. ಮೆಗ್ನೀಸಿಯಂ ಆಕ್ಸೈಡ್‌ ತಾನು ಹುಟ್ಟಿದ ಲೋಹಕ್ಕಿಂತ ಕಡಿಮೆ ಜಾಗ ಹಿಡಿಯುವುದರಿಂದ ಪೊರೆಯಲ್ಲಿ ಸಂದು ಉಳಿಯುತ್ತದೆ. ಉಪ್ಪುನೀರು ಆ ಸಂದಿನಲ್ಲಿ ಇಳಿಯುತ್ತದೆ. ಪಕ್ಕದಲ್ಲಿ ಉಕ್ಕಿನ ಬೋಲ್ಟಿದ್ದರಂತೂ ಎರಡರ ನಡುವೆ ಬ್ಯಾಟರಿಯೇ ಏರ್ಪಟ್ಟು, ಮೆಗ್ನೀಸಿಯಂ ತನ್ನನ್ನು ತಾನೇ ಸವೆಸಿಕೊಂಡು ಉಕ್ಕನ್ನು ಕಾಯುತ್ತದೆ. ಲೋಹದೊಳಗೇ ಕಬ್ಬಿಣದ ಕಣಗಳು ಸೇರಿದ್ದರೂ ಇದೇ ಕಥೆ. ಅದಕ್ಕೇ 1980ರ ದಶಕದಲ್ಲಿ ಬಂದ ಶುದ್ಧ ದರ್ಜೆಯ ಮಿಶ್ರಲೋಹಗಳಲ್ಲಿ ಕಬ್ಬಿಣಕ್ಕೆ ಶೇ 0.005ರ ಮಿತಿ ಹಾಕಿದರು. ಅದಕ್ಕೂ ಹಿಂದಿನ ಗಾಲಿಗಳಿಗೆ ಆ ಭಾಗ್ಯವಿಲ್ಲ.

ಇಷ್ಟೆಲ್ಲ ಕಾಟವಿದ್ದರೂ ಅದರ ಮೋಹ ಬಿಡದಿರಲು ಕಾರಣ ತೂಕ. ಘನ ಸೆಂಟಿಮೀಟರಿಗೆ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಮೆಗ್ನೀಸಿಯಂ 1.74 ಗ್ರಾಂ. ತಿರುಗುವ ಗಾಲಿಯಲ್ಲಿ ಉಳಿಸಿದ ತೂಕ ಬೈಕಿನ ಮೈಯಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಲಾಭ. ಬೈಕು ಬೇಗ ಮಗ್ಗುಲು ಬದಲಿಸುತ್ತದೆ, ಬ್ರೇಕು ಬೇಗ ಹಿಡಿಯುತ್ತದೆ.

ಇತಿಹಾಸವನ್ನು ಮೇಸ್ತ್ರಿ ಟೀ ಕುಡಿಯುವಷ್ಟರಲ್ಲಿ ಮುಗಿಸಿದರು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಟೆಡ್‌ ಹ್ಯಾಲಿಬ್ರ್ಯಾಂಡ್‌ ರೇಸ್‌ ಕಾರುಗಳಿಗೆ ಮೆಗ್ನೀಸಿಯಂ ಗಾಲಿ ಎರಕ ಹೊಯ್ದರು. 1970ರ ದಶಕದಲ್ಲಿ ಅದು ಬೈಕಿಗೂ ಬಂತು: ಸೈಕಲ್‌ ಗೇರಿಗೆ ಹೆಸರಾದ ಇಟಲಿಯ ಕಂಪನ್ಯೋಲೊ, 1974ರಲ್ಲಿ ಶುರುವಾದ ಇಂಗ್ಲೆಂಡಿನ ಡೈಮ್ಯಾಗ್‌, ಆಮೇಲೆ ಇಟಲಿಯದೇ ಮಾರ್ಕೆಸಿನಿ. 2023ರಲ್ಲಿ ಗ್ರೇಟರ್‌ ನೋಯ್ಡಾದ ಬುದ್ಧ ಸರ್ಕಿಟ್ಟಿಗೆ ಬಂದ ಮೋಟೊಜಿಪಿ ಬೈಕುಗಳು ಓಡಿದ್ದೂ ಮೆಗ್ನೀಸಿಯಂ ಗಾಲಿಗಳ ಮೇಲೆಯೇ. ರೇಸ್‌ ತಂಡ ಬಿಟ್ಟುಕೊಟ್ಟ ಗಾಲಿ ಕೈಯಿಂದ ಕೈಗೆ ದಾಟಿ, ಕೊನೆಗೊಂದು ದಿನ ಬೆಂಗಳೂರಿನ ಉತ್ಸಾಹಿಯೊಬ್ಬನ ಭಾನುವಾರದ ಬೈಕಿಗೆ ಏರುತ್ತದೆ. ಇನ್ನೊಂದು ಸೋಜಿಗ: 1941ರಿಂದ ಅಮೆರಿಕದ ಟೆಕ್ಸಾಸ್‌ ಕರಾವಳಿಯ ಫ್ರೀಪೋರ್ಟಿನಲ್ಲಿ ಡೌ ಕಂಪನಿ ಈ ಲೋಹವನ್ನು ತೆಗೆಯುತ್ತಿದ್ದುದು ಸಮುದ್ರದ ನೀರಿನಿಂದ. ಲೀಟರಿಗೆ ಸುಮಾರು 1.3 ಗ್ರಾಂ ಮೆಗ್ನೀಸಿಯಂ ಕಡಲಲ್ಲಿದೆ. ಕಡಲು ಕೊಟ್ಟದ್ದನ್ನು ಕಡಲೇ ವಾಪಸು ಕೇಳುತ್ತದೆ: ಮಲ್ಪೆಯಲ್ಲೋ ಕಾರವಾರದಲ್ಲೋ ಬಣ್ಣ ಕೆತ್ತಿಹೋದ ಮೆಗ್ನೀಸಿಯಂ ಗಾಲಿಯನ್ನು ಒಂದು ಮಳೆಗಾಲ ಹೊರಗೆ ನಿಲ್ಲಿಸಿದರೆ ಸಾಕು.

ಇನ್ನು ಕೆಲಸದ ಕ್ರಮ. ಬೇರಿಂಗು, ಸೀಲು ಎಲ್ಲ ತೆಗೆದು, ಕ್ಷಾರದ ದ್ರಾವಣದಲ್ಲಿ ಹಳೆಯ ಬಣ್ಣ ಬಿಡಿಸುತ್ತಾರೆ. ಉಕ್ಕಿನ ಬ್ರಷ್ಷಾಗಲಿ ಉಕ್ಕಿನ ಗುಂಡುಗಳ ಬ್ಲಾಸ್ಟಿಂಗಾಗಲಿ ಹತ್ತಿರ ಸುಳಿಯಕೂಡದು. ಲೋಹಕ್ಕೆ ಚುಚ್ಚಿಕೊಂಡ ಕಬ್ಬಿಣದ ಕಣವೇ ನಾಳಿನ ತುಕ್ಕಿನ ಬೀಜ. ಗುಣಿಯನ್ನು ಗಟ್ಟಿ ಲೋಹ ಸಿಗುವವರೆಗೂ ಕೆರೆಯಬೇಕು. ಆಮೇಲೆ ಬಿರುಕು ಹುಡುಕಲು ಕೆಂಪು ಬಣ್ಣದ ಭೇದಕ ದ್ರವ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಡೆವಲಪರ್‌ ಸಿಂಪಡಿಸುತ್ತಾರೆ. ಕಡ್ಡಿ ಹಬ್ಬಿಗೆ ಕೂಡುವ ಬುಡದಲ್ಲಿ ಕೆಂಪು ಗೆರೆ ಮೂಡಿತೋ, ಆ ಗಾಲಿಯ ಕಥೆ ಮುಗಿಯಿತು. ಗೆರೆ ಇಲ್ಲದಿದ್ದರೆ, ಬರಿಮೈ ಲೋಹವನ್ನು ರಾತ್ರಿಯಿಡೀ ಬಿಡದೆ ಅಂದೇ ರಾಸಾಯನಿಕ ಲೇಪನಕ್ಕೆ ಇಳಿಸಬೇಕು. ಮೊದಲು ಇದಕ್ಕೆ ಬಳಸುತ್ತಿದ್ದುದು ಕ್ರೋಮೇಟ್‌. ಅದು ಕ್ಯಾನ್ಸರ್‌ ತರುವ ರಾಸಾಯನಿಕ, ಚರಂಡಿಗೆ ಬಿಡುವಂತಿಲ್ಲ. ಆದ್ದರಿಂದ ಈಗ ಕ್ರೋಮಿಯಂ ಇಲ್ಲದ ಬೇರೆ ಲೇಪನಗಳು ಬಂದಿವೆ. ಅದರ ಮೇಲೆ ಎಪಾಕ್ಸಿ ಪ್ರೈಮರ್‌, ಕೊನೆಗೆ ಬಣ್ಣ. ಬೋಲ್ಟುಗಳನ್ನು ವಾಪಸು ಹಾಕುವಾಗ ಉಕ್ಕು ನೇರ ಮೆಗ್ನೀಸಿಯಮ್ಮಿಗೆ ತಾಗದಂತೆ ನಡುವೆ ಅಲ್ಯೂಮಿನಿಯಂ ವಾಷರು, ತುಕ್ಕು ತಡೆಯುವ ಪೇಸ್ಟು.

ಶೆಡ್ಡಿನ ಮೂಲೆಯಲ್ಲಿ ಒಣ ಮರಳಿನ ಬಕೆಟ್‌ ಸದಾ ತುಂಬಿರುತ್ತದೆ. ಮೆಗ್ನೀಸಿಯಂ ಪುಡಿಗೆ ಕಿಡಿ ತಗುಲಿದರೆ ನೀರು ಹಾಕುವಂತಿಲ್ಲ. ನೀರಿನಿಂದ ಹೈಡ್ರೋಜನ್‌ ಎದ್ದು ಬೆಂಕಿ ಹೆಚ್ಚುತ್ತದೆ. 1955ರ ಲ ಮಾನ್‌ ರೇಸಿನಲ್ಲಿ 80ಕ್ಕೂ ಹೆಚ್ಚು ಜನ ಸತ್ತ ದುರಂತದಲ್ಲಿ, ಮೆಗ್ನೀಸಿಯಂ ಮಿಶ್ರಲೋಹದ ಮೈಯಿದ್ದ ಮರ್ಸಿಡಿಸ್‌ ಕಾರಿಗೆ ನೀರು ಹಾಕಿ ಉರಿ ಜೋರಾದದ್ದನ್ನು ಲೋಕವೇ ಕಂಡಿತು. ಮೇಸ್ತ್ರಿ ಗಾಲಿ ಕೆರೆದಾಗ ಉದುರಿದ ಪುಡಿಯನ್ನು ಆಗಾಗ ಗುಡಿಸಿ ಬೇರೆ ಡಬ್ಬಕ್ಕೆ ಹಾಕುತ್ತಾರೆ; ಅಲ್ಲಿ ಬೀಡಿ ಹಚ್ಚಿದವನಿಗೆ ಬೈಗುಳ ಖಚಿತ.

ಅವರ ದೊಡ್ಡ ಕಷ್ಟ ಬೆಂಕಿಯಲ್ಲ, ಲೆಕ್ಕಾಚಾರ. ಗಿರಾಕಿ ಹಣ ಕೊಡುವುದು ಬಣ್ಣಕ್ಕೆ. ದಿನವಿಡೀ ಕೆರೆದು ನೋಡಿ ‘ಇದು ಓಡಿಸೋ ಗಾಲಿ ಅಲ್ಲ’ ಎಂದರೆ ಮುಖ ಗಂಟುಹಾಕಿಕೊಂಡು, ಒಂದು ಪೈಸೆ ಬಿಚ್ಚದೆ, ಅದೇ ಗಾಲಿ ಹೊತ್ತು ಮುಂದಿನ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಎರಡೇ ದಿನದಲ್ಲಿ ಹೊಳೆಯುವ ಗಾಲಿ ಸಿದ್ಧ. ‘ನೋಡಿದ್ದಕ್ಕೆ ಯಾರು ಸಾರ್‌ ದುಡ್ಡು ಕೊಡ್ತಾರೆ?’ ಎನ್ನುತ್ತಾರೆ. ಮಾತು ಕೇಳುವ ಗಿರಾಕಿ ಸಿಕ್ಕರೆ, ಅವನ ಒಪ್ಪಿಗೆ ಪಡೆದು ಸೋತ ಗಾಲಿಯ ಒಂದು ಕಡ್ಡಿಯನ್ನು ಹ್ಯಾಕ್ಸಾದಲ್ಲಿ ಕತ್ತರಿಸಿಬಿಡುತ್ತಾರೆ, ಮತ್ತೊಬ್ಬರಿಗೆ ಮಾರಾಟವಾಗದಿರಲಿ ಎಂದು. ತಮ್ಮ ನಂತರ ಈ ಮೇಜಿಗೆ ಕೂರುವವರು ಯಾರೂ ಇಲ್ಲ ಎಂಬುದನ್ನೂ ಅವರು ಅದೇ ದನಿಯಲ್ಲೇ ಹೇಳಿದರು. ಮಗ ಕಾರಿನ ಶೋರೂಮಿನಲ್ಲಿದ್ದಾನೆ.

ನಿಮ್ಮಲ್ಲಿ ಯಾರಾದರೂ ಹಳೆಯ ಮೆಗ್ನೀಸಿಯಂ ಗಾಲಿ ಕೊಳ್ಳುವವರಿದ್ದರೆ, ಹೊಸ ಬಣ್ಣ ಬಳಿದದ್ದನ್ನು ಕೊಳ್ಳಬೇಡಿ. ಬಣ್ಣ ಕಿತ್ತ, ಗುಣಿ ಕಾಣುವ ಗಾಲಿಯನ್ನೇ ಕೇಳಿ. ರಿಪೇರಿಗೆ ಕೊಡುವಾಗ ಬಣ್ಣದ ದರ ಕೇಳುವ ಮೊದಲು ಪರೀಕ್ಷೆಯ ದರ ಕೇಳಿ, ಗಾಲಿ ಫೇಲಾದರೂ ಆ ದುಡ್ಡು ಕೊಟ್ಟು ಬನ್ನಿ.