ನಗಸಾಂವ ಹೋದ ಮ್ಯಾಲೆ

ಮೊಬೈಲ್ ಇನ್ನೂ ಎಲ್ಲರ ಕೈಗೆ ಬಾರದ ದಿನಗಳವು. ವಿಜಯಪುರದಿಂದ ತಿಕೋಟಾ ಕಡೆಗೋ ಬಬಲೇಶ್ವರದ ಕಡೆಗೋ ಹೊರಟ ಟಂಟಂನಲ್ಲಿ ಕಾಲಿಡಲೂ ಜಾಗ ಇರುತ್ತಿರಲಿಲ್ಲ. ಆದರೂ ಒಳಗಿದ್ದವರು ನಗುತ್ತಿದ್ದರು. ಡ್ರೈವರನ ಪಕ್ಕದ ಟೇಪಿನಲ್ಲಿ ಒಬ್ಬ ಕುಡುಕ ಮಾತಾಡುತ್ತಿದ್ದ. ನಾಲಿಗೆ ತೊದಲುತ್ತಿತ್ತು, ಏಟು ಮಾತ್ರ ಗುರಿ ತಪ್ಪುತ್ತಿರಲಿಲ್ಲ. ಸಂಸಾರದಿಂದ ಹಿಡಿದು ಸರಕಾರದವರೆಗೆ ಆತ ಯಾರನ್ನೂ ಬಿಡುತ್ತಿರಲಿಲ್ಲ. ನಾಟಕದ ಹೆಸರು ‘ಕಲಿಯುಗದ ಕುಡುಕ’, ಕುಡುಕನ ಹೆಸರು ರಾಜು ತಾಳಿಕೋಟೆ.

2025ರ ಅಕ್ಟೋಬರ್ 13ರಂದು ಆ ದನಿ ನಿಂತಿತು. ಸಿನಿಮಾ ಚಿತ್ರೀಕರಣಕ್ಕೆಂದು ಉಡುಪಿ ಜಿಲ್ಲೆಗೆ ಹೋಗಿದ್ದ ಅವರಿಗೆ ಹೃದಯಾಘಾತವಾಯಿತು. ಮಣಿಪಾಲದ ಆಸ್ಪತ್ರೆಯಿಂದ ಅವರು ಜೀವಂತ ಮರಳಲಿಲ್ಲ. ಸಿಂದಗಿ ತಾಲೂಕಿನ ಚಿಕ್ಕಸಿಂದಗಿಯ ಮಣ್ಣಿಗೆ ಅವರ ದೇಹ ಬಂದು ಸೇರಿತು.

ಈಗ ಉಳಿದಿರುವ ಪ್ರಶ್ನೆ ಬೇರೆ. ಕವಿ ಹೋದರೆ ಪುಸ್ತಕ ಇರುತ್ತದೆ, ಶಿಲ್ಪಿ ಹೋದರೆ ಕಲ್ಲು ಇರುತ್ತದೆ. ನಾಟಕ ಕಂಪನಿಯ ಹಾಸ್ಯಗಾರ ಹೋದರೆ ಊರಿನ ಕೈಯಲ್ಲಿ ಏನು ಉಳಿಯುತ್ತದೆ?

ಉತ್ತರ ಸಿಗಬೇಕಾದರೆ ಕಂಪನಿ ನಾಟಕದ ಒಳಮನೆಗೆ ಹೋಗಿ ನೋಡಬೇಕು. ರಾಜು ಹುಟ್ಟಿದ್ದೇ ಅಲ್ಲಿ. ತಂದೆ ತಾಯಿ ಇಬ್ಬರೂ ರಂಗಭೂಮಿಯವರು. ತಾಳಿಕೋಟೆಯ ಖಾಸ್ಗತೇಶ್ವರರ ಹೆಸರಿನ ನಾಟ್ಯಸಂಘ ಮನೆಯ ಕಸುಬಾಗಿತ್ತು. ಮುಸ್ಲಿಂ ಕುಟುಂಬದ ಹುಡುಗ, ಮನೆಯವರಿಟ್ಟ ಹೆಸರು ರಾಜೇಸಾಬ. ಹೊಟ್ಟೆಗೆ ಹಾಕಿದ ಕಂಪನಿಯ ಹೆಸರು ಮಠದ ಶರಣರದ್ದು. ವಿಜಯಪುರ ಸೀಮೆಯಲ್ಲಿ ಇದು ಯಾರ ಹುಬ್ಬನ್ನೂ ಏರಿಸುವ ಸಂಗತಿಯಲ್ಲ, ನಾಟಕದ ಬೋರ್ಡಿನ ಮೇಲೆ ಬಂದಾಗಲೂ ಏರಿಸಲಿಲ್ಲ. ಶಾಲೆ ಹೆಚ್ಚು ಕಾಲ ಹತ್ತಲಿಲ್ಲ, ರಂಗ ಬಿಡಲಿಲ್ಲ.

ಕಂಪನಿ ನಾಟಕದಲ್ಲಿ ಹಾಸ್ಯಗಾರನ ಕೆಲಸ ನೋಡುವವರಿಗೆ ಕಂಡಷ್ಟು ಹಗುರಲ್ಲ. ಮುಖ್ಯ ಕಥೆ ಒಂದು ದಾರಿಯಲ್ಲಿ ನಡೆದಿರುತ್ತದೆ. ಅತ್ತೆ-ಸೊಸೆ, ಅಣ್ಣ-ತಮ್ಮ, ಹೊಲದ ಜಗಳ, ತ್ಯಾಗ, ಕಣ್ಣೀರು. ಅದರ ಪಕ್ಕದಲ್ಲೇ ಹಾಸ್ಯದ ಇನ್ನೊಂದು ಕಥೆ ಹರಿಯುತ್ತದೆ. ಅರಮನೆ ಸೀನು ಮುಗಿದು ಗುಡಿಸಲಿನ ಸೀನು ಕಟ್ಟಬೇಕಾದರೆ ಮುಂದಿನ ಪಡದೆ ಬೀಳುತ್ತದೆ. ಹಿಂದೆ ಆಳುಗಳು ಕಟೌಟು ಎಳೆಯುತ್ತಿರುತ್ತಾರೆ, ಮುಂದೆ ಮೂರು ಮಾರು ಜಾಗದಲ್ಲಿ ಹಾಸ್ಯಗಾರ ಒಬ್ಬನೇ ನಿಂತಿರುತ್ತಾನೆ. ಒಳಗಿನ ಕೆಲಸ ಐದು ನಿಮಿಷದಲ್ಲಿ ಮುಗಿದರೆ ಅವನ ಮಾತು ಐದು ನಿಮಿಷ. ಮೊಳೆ ಸಿಕ್ಕದೆ ತಡವಾದರೆ ಹದಿನೈದು ನಿಮಿಷ. ಪುಸ್ತಕದಲ್ಲಿ ಬರೆದ ಮಾತು ಎಂದೋ ಮುಗಿದಿರುತ್ತದೆ. ಪೇಟಿ ಮಾಸ್ತರ ಕಣ್ಣಲ್ಲೇ ‘ಇನ್ನೂ ಎಳಿ’ ಅನ್ನುತ್ತಾನೆ. ಆಗ ಬಾಯಿಂದ ಬರುವುದೇ ಅಸಲಿ ಹಾಸ್ಯ.

ಆ ಮಾತಿಗೆ ಸರಕು ಎಲ್ಲಿಂದ? ಕ್ಯಾಂಪು ಹಾಕಿದ ಊರಿನಿಂದಲೇ. ಬೆಳಿಗ್ಗೆ ಚಾದಂಗಡಿಯಲ್ಲಿ ಕೂತವನು ಆ ಊರಿನ ಕೆಟ್ಟ ರಸ್ತೆ, ಬಾರದ ಬಸ್ಸು, ಕೊಡದ ಕಬ್ಬಿನ ಬಿಲ್ಲು, ಗೆದ್ದು ಕಾಣೆಯಾದ ಪುಢಾರಿ ಎಲ್ಲವನ್ನೂ ಕಿವಿಗೆ ತುಂಬಿಕೊಳ್ಳುತ್ತಾನೆ. ರಾತ್ರಿ ಪಾತ್ರದ ಬಾಯಿಂದ ಅವು ಹೊರಬೀಳುತ್ತವೆ. ತಿಕೋಟಾದಲ್ಲಿ ದ್ರಾಕ್ಷಿ ದರದ ಮಾತು ಬಂದರೆ ಡೇರೆ ಹಾರಿಹೋಗುವಂತೆ ನಗು. ಅದೇ ಮಾತು ಮೀನಿನ ಊರಲ್ಲಿ ಸಪ್ಪೆ. ಮೆಚ್ಚಿದವರು ನೋಟು ಹಿಡಿದು ರಂಗವೇರುತ್ತಾರೆ. ನಟನ ಅಂಗಿಗೆ ಅದನ್ನು ಚುಚ್ಚಿದರೆ ಮೈಕಿನಲ್ಲಿ ‘ಆಹೇರಿ’ ಎಂದು ಹೆಸರು ಕೂಗುತ್ತಾರೆ. ಕಥಾನಾಯಕನಿಗಿಂತ ಹಾಸ್ಯಗಾರನ ಅಂಗಿಗೇ ಹೆಚ್ಚು ತೂತು ಬೀಳುವುದುಂಟು.

ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬನದ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಸಾಲಾಗಿ ನಾಟಕ ಕಂಪನಿಗಳು ಬಂದು ತಗಡಿನ ಥೇಟರು ಹಾಕುತ್ತವೆ, ರಾತ್ರಿ ಬೆಳಗಾಗುವತನಕ ಒಂದರ ಮೇಲೊಂದು ಆಟ. ಪಕ್ಕಪಕ್ಕದಲ್ಲೇ ಕಂಪನಿಗಳಿರುವಾಗ ಜನ ಯಾವ ಟಿಕೇಟು ತೆಗೆಯುತ್ತಾರೆ ಎಂಬುದನ್ನು ಹಾಸ್ಯಗಾರನ ಹೆಸರೇ ನಿರ್ಧರಿಸುತ್ತದೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಸಂಕ್ರಮಣದಲ್ಲಿ ಎತ್ತು ಕೊಳ್ಳಲು ಬಂದ ರೈತ ರಾತ್ರಿ ನಾಟಕ ನೋಡದೆ ಊರಿಗೆ ಮರಳಿದರೆ ಜಾತ್ರೆ ಮಾಡಿದ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಕನ್ನಡ ವೃತ್ತಿರಂಗಭೂಮಿಯ ದೊಡ್ಡ ಹೆಸರು ಗುಬ್ಬಿ ವೀರಣ್ಣ (1891–1972) ಕೂಡ ಮೂಲತಃ ಹಾಸ್ಯಗಾರರೇ. ‘ಸದಾರಮೆ’ಯಲ್ಲಿ ಜನ ಕಾಯುತ್ತಿದ್ದುದು ಅವರ ಕಳ್ಳನ ಪಾತ್ರಕ್ಕೆ. ನರಸಿಂಹರಾಜು ಬಂದದ್ದೂ ನಾಟಕ ಕಂಪನಿಯಿಂದಲೇ. 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಬಣ್ಣ ಹಚ್ಚಿಕೊಂಡವರು 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಜೊತೆಯಲ್ಲೇ ಬೆಳ್ಳಿತೆರೆಗೆ ಬಂದರು. ಕನ್ನಡ ಚಿತ್ರರಂಗ ಕೆಲಸವಿಲ್ಲದೆ ಸೊರಗಿದಾಗ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಊರೂರು ಸುತ್ತಿ ನಾಟಕವಾಡಿದರು. ಹಾಗೆ ಕೂಡಿಸಿದ ಶಕ್ತಿಯಿಂದ 1960ರಲ್ಲಿ ‘ರಣಧೀರ ಕಂಠೀರವ’ ತೆರೆಗೆ ಬಂತು. 1979ರ ಜುಲೈನಲ್ಲಿ ನರಸಿಂಹರಾಜು ತೀರಿಕೊಂಡರು. ಇಂದಿಗೂ ಟಿವಿಯಲ್ಲಿ ಆ ಉಬ್ಬುಹಲ್ಲಿನ ಮುಖ ಕಂಡರೆ ಅಜ್ಜ-ಮೊಮ್ಮಗ ಒಟ್ಟಿಗೇ ನಗುತ್ತಾರೆ. ಅವರು ಸಿನಿಮಾದಲ್ಲಿದ್ದರು, ಆದ್ದರಿಂದ ಉಳಿದರು.

ರಾಜು ತಾಳಿಕೋಟೆಯವರದು ಅರ್ಧ ಮಾತ್ರ ಹಾಗೆ. ಸಿನಿಮಾಕ್ಕೆ ಅವರು ಬಂದದ್ದು ತಡವಾಗಿ. 2009ರ ‘ಮನಸಾರೆ’, 2010ರ ‘ಪಂಚರಂಗಿ’ ಎರಡೂ ಯೋಗರಾಜ್ ಭಟ್ಟರ ಚಿತ್ರಗಳು. 2013ರಲ್ಲಿ ನಾಗಶೇಖರ್ ನಿರ್ದೇಶನದ ‘ಮೈನಾ’. 2019ರಲ್ಲಿ ಬಿಗ್ ಬಾಸ್ ಮನೆ. ಬಿಜಾಪುರದ ಮಾತು ಆ ಮುಂಚೆಯೂ ಕನ್ನಡ ಸಿನಿಮಾದಲ್ಲಿ ಕೇಳುತ್ತಿತ್ತು, ಆದರೆ ಹೆಚ್ಚಾಗಿ ಬೆಂಗಳೂರಿನವರು ಅನುಕರಿಸಿದ ಮಾತು. ಸಾಲಿನ ಕೊನೆಗೊಂದು ‘ರೀ’, ನಡುವೆ ಒಂದು ‘ಯಪ್ಪಾ’ ಅಂಟಿಸಿದರೆ ಉತ್ತರ ಕರ್ನಾಟಕವಾಯಿತು ಎಂಬ ಲೆಕ್ಕ. ತಾಳಿಕೋಟೆ ಬಾಯಿ ತೆರೆದಾಗ ಆ ಲೆಕ್ಕ ತಪ್ಪಿತು. ಅವರ ಮಾತಿಗೆ ಏರಿಳಿತವಿತ್ತು, ವಾಕ್ಯದ ನಡುವೆ ಉಸಿರು ನಿಲ್ಲಿಸುವ ಜಾಗ ಬೇರೆ ಇತ್ತು. ಇಲ್ಲಿಯವರು ನಕ್ಕದ್ದು ಭಾಷೆಯನ್ನು ನೋಡಿಯಲ್ಲ, ಭಾಷೆಯ ಜೊತೆಗೆ.

2024ರಲ್ಲಿ ಸರಕಾರ ಅವರನ್ನು ಧಾರವಾಡ ರಂಗಾಯಣದ ನಿರ್ದೇಶಕರನ್ನಾಗಿ ನೇಮಿಸಿತು. ‘ಕಂಪನಿಯವರು’ ಎಂದರೆ ಮೂಗು ಮುರಿಯುವ ಹವ್ಯಾಸಿ ರಂಗದವರು ಇಲ್ಲದಿಲ್ಲ. ಡೇರೆಯಲ್ಲಿ ಬೆಳೆದ ಒಬ್ಬ ಹಾಸ್ಯಗಾರ ಆ ಕುರ್ಚಿಯಲ್ಲಿ ಕೂತದ್ದು ವೃತ್ತಿರಂಗಭೂಮಿಗೆ ಸಂದ ಮರ್ಯಾದೆ. ಕೆಲಸ ಮಾಡಲು ಅವರಿಗೆ ಸಿಕ್ಕ ಕಾಲ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಕುರ್ಚಿ ಎಂದಾಗ ಐರ್ಲೆಂಡಿನ ಒಂದು ಕುರ್ಚಿಯ ಕಥೆ ನೆನಪಾಗುತ್ತದೆ. ಡಬ್ಲಿನ್ ನಗರದ ಮೆರಿಯನ್ ಸ್ಕ್ವೇರ್ ಉದ್ಯಾನದಲ್ಲಿ ಕಂಚಿನದೊಂದು ಖಾಲಿ ಆಸನವಿದೆ. ಹೆಸರು ‘ಜೋಕರ್ಸ್ ಚೇರ್’. ಅದು ಡರ್ಮಟ್ ಮಾರ್ಗನ್ ಎಂಬ ಹಾಸ್ಯನಟನ ಸ್ಮಾರಕ. ರೇಡಿಯೋದ ‘ಸ್ಕ್ರ್ಯಾಪ್ ಸ್ಯಾಟರ್ಡೇ’ ಕಾರ್ಯಕ್ರಮದಲ್ಲಿ ತನ್ನ ದೇಶದ ರಾಜಕಾರಣಿಗಳನ್ನು ಹಿಗ್ಗಾಮುಗ್ಗಾ ಗೇಲಿ ಮಾಡಿದವನು ಅವನು, ನಮ್ಮ ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ದಲ್ಲಿ ಮಾಡಿದ ಹಾಗೆ. ಆಮೇಲೆ ‘ಫಾದರ್ ಟೆಡ್’ ಟಿವಿ ಧಾರಾವಾಹಿಯಲ್ಲಿ ದ್ವೀಪವೊಂದಕ್ಕೆ ಅಟ್ಟಲ್ಪಟ್ಟ ಪಾದ್ರಿಯಾಗಿ ಮನೆಮಾತಾದ. 1998ರ ಫೆಬ್ರವರಿ 28ರಂದು, ಕೊನೆಯ ಕಂತಿನ ಚಿತ್ರೀಕರಣ ಮುಗಿದ ಮರುದಿನ, ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ಇನ್ನೂ 45. ಅರಾನ್ ದ್ವೀಪಗಳಲ್ಲೊಂದಾದ ಇನಿಶ್‌ಮೋರ್‌ನಲ್ಲಿ ಅಭಿಮಾನಿಗಳು 2007ರಿಂದ ಅವನ ಧಾರಾವಾಹಿಯ ಹೆಸರಲ್ಲಿ ಜಾತ್ರೆಯನ್ನೇ ಮಾಡುತ್ತಾರೆ. ಪಾದ್ರಿ, ಸನ್ಯಾಸಿನಿಯರ ವೇಷ ತೊಟ್ಟು ಬಂದು ಹಳೆಯ ಮಾತುಗಳನ್ನು ಆಡಿಕೊಂಡು ನಗುತ್ತಾರೆ. ಕುರ್ಚಿಗಿಂತ ಆ ಜಾತ್ರೆಯೇ ದೊಡ್ಡ ಸ್ಮಾರಕ. ಅದು ಸಾಧ್ಯವಾದದ್ದು 25 ಕಂತುಗಳೂ ಅಚ್ಚುಕಟ್ಟಾಗಿ ಉಳಿದಿರುವುದರಿಂದ.

ಹಾಸ್ಯಗಾರನನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡ ಉದಾಹರಣೆ ನಮ್ಮಲ್ಲೂ ಇದೆ. ಹರಪನಹಳ್ಳಿಯ ರಾಯಸಂ ಭೀಮಸೇನರಾವ್ ಅಂದರೆ ಬೀಚಿ 1980ರಲ್ಲಿ ತೀರಿಕೊಂಡರು. ಅವರ ಪುಸ್ತಕ ಕೈಗೆತ್ತಿಕೊಳ್ಳದ ಹಳ್ಳಿಗಳಿಗೂ ಅವರ ಪಾತ್ರ ತಿಂಮನನ್ನು ತಲುಪಿಸಿದವರು ಗಂಗಾವತಿ ಪ್ರಾಣೇಶ್. ಜನ ಅವರನ್ನು ‘ಅಭಿನವ ಬೀಚಿ’ ಎಂದೇ ಕರೆದರು. ಆದರೆ ಬೀಚಿ ಬರೆದಿಟ್ಟಿದ್ದರು, ಪ್ರಾಣೇಶರಿಗೆ ಓದಲು ಏನಾದರೂ ಇತ್ತು.

ತಾಳಿಕೋಟೆಯಂಥವರು ಬರೆದಿಡಲಿಲ್ಲ. ಪಡದೆಯ ಮುಂದೆ ಹುಟ್ಟಿದ ಮಾತು ಆ ರಾತ್ರಿಯೇ ಮುಗಿಯಿತು. ಸ್ವಲ್ಪ ಮಟ್ಟಿಗೆ ಹಿಡಿದಿಟ್ಟದ್ದು ಕ್ಯಾಸೆಟ್ಟು. ನಟ ಧೀರೇಂದ್ರ ಗೋಪಾಲರ ಮಾತುಗಳು ಮನೆಮನೆಗೆ ತಲುಪಿದ್ದೂ ಹಾಗೆಯೇ. ಒಂದು ತಾಸಿನ ಕ್ಯಾಸೆಟ್ಟಿಗೆ ಒಂದೊಂದು ಮಗ್ಗುಲಲ್ಲಿ ಅರ್ಧ ತಾಸು. ಮೂರು ತಾಸಿನ ನಾಟಕ ಅದರಲ್ಲಿ ಹಿಡಿಯುವುದಿಲ್ಲ. ನಗು ಏರಿದ ಹೊತ್ತಿಗೇ ಟಕ್ ಎಂದು ಗುಂಡಿ ಮೇಲೆ ಬಂದು ಮಗ್ಗಲು ಬದಲಿಸಬೇಕಾಗುತ್ತಿತ್ತು. ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದರು, ಹರಿದರೆ ಟೇಪು ಅಂಟಿಸುತ್ತಿದ್ದರು. ಅಂಟಿಸಿದ ಜಾಗದಲ್ಲಿ ಒಂದು ಜೋಕು ನುಂಗಿಹೋಗುತ್ತಿತ್ತು. ಈಗ ಯೂಟ್ಯೂಬಿನಲ್ಲಿ ತಾಳಿಕೋಟೆ ಹೆಸರು ಹಾಕಿದರೆ ತುಣುಕುಗಳು ಬರುತ್ತವೆ. ಯಾವ ಊರಿನ ಆಟ, ಯಾವ ವರ್ಷ, ಜೊತೆಗಿದ್ದ ನಟಿ ಯಾರು, ಪೇಟಿ ಬಾರಿಸಿದವರು ಯಾರು ಎಂಬುದು ಬಹಳಷ್ಟರಲ್ಲಿ ಇಲ್ಲ.

ವಿಜಯಪುರದಲ್ಲಿ ‘ರಕ್ತರಾತ್ರಿ’ ಬರೆದ ಕಂದಗಲ್ಲ ಹನುಮಂತರಾಯರ ಹೆಸರಿನ ರಂಗಮಂದಿರವಿದೆ. ನಾಟಕ ಬರೆದವರಿಗೆ ಕಟ್ಟಡ ಸಿಕ್ಕಿತು, ಒಳ್ಳೆಯದಾಯಿತು. ನಾಟಕವನ್ನು ಬಾಯಲ್ಲೇ ಕಟ್ಟಿದವರಿಗೆ ಬೇಕಾದದ್ದು ಕಟ್ಟಡವಲ್ಲ, ಅವರ ದನಿ ಕೇಳಿಸುವ ಒಂದು ಸಣ್ಣ ಸಂಗ್ರಹ. ಮಹಿಳಾ ವಿಶ್ವವಿದ್ಯಾಲಯ ಇದೇ ನಗರದಲ್ಲಿದೆ, ರಂಗಾಯಣ ಧಾರವಾಡದಲ್ಲಿದೆ. ಕಂಪನಿಯಲ್ಲಿ ದುಡಿದ ಹಿರಿಯ ನಟ-ನಟಿಯರನ್ನು ಕೂರಿಸಿ ನೆನಪು ಮುದ್ರಿಸಿಕೊಳ್ಳುವ ಕೆಲಸಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ.

ಓದುಗರೂ ಕೈಜೋಡಿಸಬಹುದು. ತಿಕೋಟಾ, ಬಬಲೇಶ್ವರ, ಸಿಂದಗಿ, ತಾಳಿಕೋಟೆಯ ಎಷ್ಟೋ ಮನೆಗಳ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ ಇನ್ನೂ ಕ್ಯಾಸೆಟ್ಟುಗಳಿವೆ. ಗುಜರಿಯವನಿಗೆ ಹಾಕುವ ಮುನ್ನ ಒಮ್ಮೆ ತೆಗೆದು ನೋಡಿ. ರೀಲಿನ ಮೇಲೆ ಬಿಳಿ ಬೂಷ್ಟು ಹತ್ತಿದ್ದರೆ ಟೇಪಿಗೆ ಹಾಕಿ ಓಡಿಸಬೇಡಿ, ತಿಳಿದವರ ಕೈಗೆ ಕೊಟ್ಟು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ನಾಟಕದ ಹೆಸರು, ಊರು, ವರ್ಷ ಗೊತ್ತಿದ್ದರೆ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ.