ಕುದುರೆಮರಿಯ ತಂದೆತಾಯಿಗಳು

ನೋಂದಣಿಯ ಅರ್ಥದಲ್ಲಿ ಶುದ್ಧತಳಿಯ ಕುದುರೆಯೆಂದರೆ, ಯಾವುದರ ತಂದೆ ಮತ್ತು ತಾಯಿಗಳ ಹೆಸರು ಆ ತಳಿಯ ವಂಶಾವಳಿ ಗ್ರಂಥದಲ್ಲಿ ಮೊದಲೇ ದಾಖಲಾಗಿದೆಯೋ ಅಂಥ ಕುದುರೆ. ಪಂದ್ಯದ ಥರೋಬ್ರೆಡ್ ಕುದುರೆಗಳ ಮಟ್ಟಿಗೆ ಇಂಥ ಗ್ರಂಥಗಳೆಲ್ಲಕ್ಕೂ ಮೂಲಮಾದರಿಯಾದದ್ದು ಇಂಗ್ಲೆಂಡಿನ ವೆದರ್ಬಿ ಮನೆತನದವರು ಸಂಪಾದಿಸಿದ ‘ಜನರಲ್ ಸ್ಟಡ್ ಬುಕ್’. ಅದರ ಪ್ರವೇಶಿಕೆ 1791ರಲ್ಲಿಯೂ ಮೊದಲ ಸಂಪುಟ 1793ರಲ್ಲಿಯೂ ಪ್ರಕಟವಾದವು. ನಮ್ಮ ಕುಣಿಗಲ್ಲಿನ ಸ್ಟಡ್ ಫಾರ್ಮಿನಲ್ಲಿ ಹುಟ್ಟುವ ಥರೋಬ್ರೆಡ್ ಮರಿಯ ಹೆಸರು ಪುಣೆಯಲ್ಲಿರುವ ಭಾರತೀಯ ಸ್ಟಡ್ ಬುಕ್ ಕಚೇರಿಯ ದಫ್ತರವನ್ನು ಸೇರುವುದೂ ಅದೇ ಪರಂಪರೆಯ ಮುಂದುವರಿಕೆಯಾಗಿ.

ಆದರೆ ಗ್ರಂಥವನ್ನು ಬರೆದವರು ಮನುಷ್ಯರು. ಒಂದೇ ಋತುವಿನಲ್ಲಿ ಒಂದು ಹೆಣ್ಣುಕುದುರೆಗೆ ಎರಡು ಗಂಡುಗಳ ಸಂಗವಾಗಿದ್ದರೆ ತಂದೆ ಯಾವುದೆಂದು ತಿಳಿಯದೆ ಎರಡರ ಹೆಸರನ್ನೂ ಬರೆದಿಟ್ಟ ನಮೂದುಗಳು ಹಳೆಯ ಸಂಪುಟಗಳಲ್ಲಿ ಕಾಣಸಿಗುತ್ತವೆ. ಒಂದೇ ಬಣ್ಣದ, ಒಂದೇ ವಯಸ್ಸಿನ ಎರಡು ಮರಿಗಳು ಲಾಯದಲ್ಲಿ ಅದಲುಬದಲಾಗುವುದು ಇನ್ನೂ ಸುಲಭ. ಈ ಗ್ರಂಥವನ್ನು ಆನುವಂಶಿಕ ವಿಜ್ಞಾನವು ಮೊತ್ತಮೊದಲು ಪ್ರಶ್ನಿಸಿದ ಪ್ರಸಂಗ ಬಹು ಸ್ವಾರಸ್ಯವಾದುದು. ಚೆಸ್ಟ್‌ನಟ್ ಎಂಬ ಕೆಂಗಂದು ಬಣ್ಣದ ತಂದೆತಾಯಿಗಳಿಗೆ ಚೆಸ್ಟ್‌ನಟ್ ಮರಿಗಳೇ ಹುಟ್ಟತಕ್ಕದ್ದೆಂದು, ಮೆಂಡೆಲ್ಲನ ನಿಯಮವನ್ನನುಸರಿಸಿ, ಹರ್ಸ್ಟ್ ಎಂಬ ವಿದ್ವಾಂಸನು 1905ರ ಕೊನೆಯಲ್ಲಿ ಸ್ಟಡ್ ಬುಕ್ಕಿನ ದಾಖಲೆಗಳಿಂದಲೇ ಪ್ರತಿಪಾದಿಸಿದನು. ಅಪವಾದಗಳಾಗಿ ತೋರಿದ ಕೆಲವು ನಮೂದುಗಳನ್ನು ಬರಹದ ದೋಷಗಳೆಂದು ಅವನು ಬಗೆದರೆ, ಅವೇ ನಿಯಮವನ್ನು ಮುರಿಯುವ ಸಾಕ್ಷ್ಯಗಳೆಂದು ಪ್ರತಿವಾದಿಯಾದ ವೆಲ್ಡನ್ ಹಟಹಿಡಿದು, 1906ರ ಏಪ್ರಿಲಿನಲ್ಲಿ ತೀರಿಕೊಳ್ಳುವವರೆಗೂ ಆ ಸಂಪುಟಗಳ ಪರಿಶೀಲನೆಯಲ್ಲಿಯೇ ತೊಡಗಿದ್ದನು. ತಪ್ಪಿದ್ದು ನಿಯಮವೋ ಗ್ರಂಥವೋ ಎಂಬ ಈ ಪ್ರಶ್ನೆಯನ್ನು ತೀರ್ಮಾನಿಸುವ ಉಪಾಯ ದೊರೆಯಲು ಬಹುಕಾಲ ಹಿಡಿಯಿತು. ಮೊದಲು ರಕ್ತದ ವರ್ಗಗಳ ಪರೀಕ್ಷೆಯೂ, ಇಪ್ಪತ್ತನೆಯ ಶತಮಾನದ ಅಂತ್ಯದ ಹೊತ್ತಿಗೆ ಡಿಎನ್‌ಎ ಪರೀಕ್ಷೆಯೂ ಬಂದವು.

ಪರೀಕ್ಷೆಯ ಕ್ರಮ ಹೀಗಿದೆ. ಕತ್ತರಿಸಿದ ಕೂದಲಿನಿಂದ ಇಲ್ಲಿ ಪ್ರಯೋಜನವಿಲ್ಲ. ಮರಿಯ ಕೇಸರದಿಂದ ಬುಡದ ಗಡ್ಡೆಯೂ ಸೇರಿಬರುವಂತೆ ಒಂದು ಹಿಡಿ ಕೂದಲನ್ನು ಕಿತ್ತು, ಆ ಬುಡದ ಜೀವಕೋಶಗಳಿಂದ ಡಿಎನ್‌ಎಯನ್ನು ಬೇರ್ಪಡಿಸುತ್ತಾರೆ. ಕುದುರೆಯ 32 ಜೊತೆ ವರ್ಣತಂತುಗಳಲ್ಲಿ, ಎರಡಕ್ಷರದ ಒಂದು ಪುಟ್ಟ ತುಣುಕು ಹಲವು ಬಾರಿ ಪುನರಾವರ್ತಿತವಾಗಿರುವ ಸ್ಥಾನಗಳು ಅಲ್ಲಲ್ಲಿ ಇವೆ. ಆವೃತ್ತಿಗಳ ಸಂಖ್ಯೆ ಕುದುರೆಯಿಂದ ಕುದುರೆಗೆ ವ್ಯತ್ಯಾಸವಾಗುವುದರಿಂದ, ಆ ಉದ್ದಗಳಿಗೆ ಒಂದೊಂದು ಅಕ್ಷರದ ಹೆಸರನ್ನಿಟ್ಟು, ಸಾಮಾನ್ಯವಾಗಿ ಹನ್ನೆರಡರಿಂದ ಹದಿನೇಳು ಸ್ಥಾನಗಳನ್ನು ಪರಿಶೀಲಿಸುತ್ತಾರೆ. ಪ್ರತಿ ಸ್ಥಾನದಲ್ಲಿಯೂ ಮರಿಗೆ ತಾಯಿಯಿಂದೊಂದು, ತಂದೆಯಿಂದೊಂದು ರೂಪ ಬಂದಿರಲೇಬೇಕು. ವಿಎಚ್‌ಎಲ್ 20 ಎಂಬ ಸ್ಥಾನದಲ್ಲಿ ತಾಯಿಗೆ ‘ಐ’ ಮತ್ತು ‘ಎಂ’, ಮರಿಗೆ ‘ಎಂ’ ಮತ್ತು ‘ಎನ್’ ಇದ್ದಿತೆನ್ನಿ. ‘ಎಂ’ ತಾಯಿಯಿಂದ ಬಂದಿತು. ಉಳಿದ ‘ಎನ್’ ತಂದೆಯದೇ ಆಗಬೇಕು. ತಂದೆಯೆಂದು ಅರ್ಜಿಯಲ್ಲಿ ಹೇಳಿರುವ ಗಂಡುಕುದುರೆಯಲ್ಲಿ ‘ಎನ್’ ಇಲ್ಲವಾದರೆ ಆ ಹೇಳಿಕೆಗೆ ವಿರೋಧ ಬಂದಂತಾಯಿತು.

ಒಂದೇ ಒಂದು ವಿರೋಧ ಕಂಡೊಡನೆ ತೀರ್ಪು ಕೊಡಬಾರದು. ಜನಸಾಮಾನ್ಯರು ಎಡವುವ ಮೊದಲ ತಾಣ ಇದು. ಅಪೂರ್ವವಾಗಿ ಒಂದು ತಲೆಮಾರಿನಲ್ಲಿಯೇ ಆವೃತ್ತಿಯೊಂದು ಹೆಚ್ಚುಕಡಿಮೆಯಾಗಬಹುದು. ಅಥವಾ ತಂದೆಯ ಎರಡು ರೂಪಗಳಲ್ಲೊಂದು ಪ್ರಯೋಗಶಾಲೆಯ ವಿಧಾನಕ್ಕೆ ಸಿಗದೆ ಅಡಗಿರಬಹುದು. ಆಗ ತಂದೆಯಲ್ಲಿ ‘ಎನ್’ ಮಾತ್ರವೂ, ಆ ಅಡಗಿದ ರೂಪವನ್ನೇ ಪಡೆದ ಮರಿಯಲ್ಲಿ ತಾಯಿಯ ‘ಎಂ’ ಮಾತ್ರವೂ ಕಂಡು, ನಿಜವಾದ ತಂದೆಯೇ ಪರಕೀಯನಂತೆ ತೋರುತ್ತಾನೆ. ಹಾಗೆಯೇ ಲೆಕ್ಸ್ 3 ಎಂಬ ಸ್ಥಾನವು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡುಮರಿಗೆ ಅಲ್ಲಿ ತಂದೆಯಿಂದ ಏನೂ ಬರುವುದಿಲ್ಲ. ಇದನ್ನರಿಯದೆ ವರದಿಯನ್ನೋದಿದವನು ತಂದೆಮಕ್ಕಳ ಸಂಬಂಧವನ್ನೇ ವೃಥಾ ಶಂಕಿಸಿಯಾನು. ಆದಕಾರಣ ಹಲವು ಸ್ಥಾನಗಳು ಒಮ್ಮತದಿಂದ ನಿರಾಕರಿಸಿದಾಗ ಮಾತ್ರ ಪರೀಕ್ಷಕನು ಅಲ್ಲವೆನ್ನುತ್ತಾನೆ. ಸಂದೇಹ ಉಳಿದರೆ ಇನ್ನಷ್ಟು ಸ್ಥಾನಗಳನ್ನು ನೋಡುತ್ತಾನೆ.

ಎರಡನೆಯ ತಪ್ಪು ತಿಳಿವಳಿಕೆ ಇದಕ್ಕಿಂತ ಆಳವಾದುದು. ವರದಿ ಅನುಕೂಲವಾಗಿ ಬಂದೊಡನೆ ಕುದುರೆಯ ಶುದ್ಧತೆ ಸಿದ್ಧವಾಯಿತೆಂದು ಒಡೆಯರು ಹಿಗ್ಗುತ್ತಾರೆ. ಪರೀಕ್ಷೆ ಹೇಳುವುದು ಅದನ್ನಲ್ಲ. ‘ಅಲ್ಲ’ ಎಂಬುದನ್ನು ಅದು ದೃಢವಾಗಿ ನುಡಿಯಬಲ್ಲುದು. ‘ಹೌದು’ ಎಂಬೆಡೆಯಲ್ಲಿ, ಈ ಗಂಡು ತಂದೆಯಾಗಿರಲು ಅಡ್ಡಿ ಕಾಣದು ಎಂಬಷ್ಟೇ ಅದರ ಮಾತು. ತಂದೆಯ ಒಡಹುಟ್ಟಿದ ಇನ್ನೊಂದು ಗಂಡು ಅದೇ ಲಾಯದಲ್ಲಿದ್ದರೆ ಅದಕ್ಕೂ ಅಡ್ಡಿ ಕಾಣದೆ ಹೋಗಬಹುದು. ಹತ್ತಿರದ ಬಂಧುಗಳಲ್ಲೇ ಸಂಕರವಾಗುತ್ತ ಬಂದ ತಳಿಗಳಲ್ಲಿ ರೂಪಗಳ ವೈವಿಧ್ಯ ಕುಗ್ಗಿರುವುದರಿಂದ ಈ ಎಚ್ಚರಿಕೆ ಅಲ್ಲಿ ಇಮ್ಮಡಿಯಾಗಬೇಕು. ತಂದೆತಾಯಿಗಳು ಶುದ್ಧತಳಿಯವು ಎಂಬ ಮಾತಂತೂ ಇಂದಿಗೂ ಗ್ರಂಥದಿಂದಲೇ ಬರುವಂಥದು.

ಇದಕ್ಕೆ ಬೆಂಡ್ ಓರ್ ಎಂಬ ಕುದುರೆಯ ಕಥೆಗಿಂತ ಉತ್ತಮ ನಿದರ್ಶನವನ್ನು ನಾನರಿಯೆ. ವೆಸ್ಟ್‌ಮಿನ್‌ಸ್ಟರ್ ಡ್ಯೂಕನಿಗೆ ಸೇರಿದ ಈ ಚೆಸ್ಟ್‌ನಟ್ ಕುದುರೆ 1880ರ ಎಪ್ಸಮ್ ಡರ್ಬಿಯಲ್ಲಿ ‘ರಾಬರ್ಟ್ ದಿ ಡೆವಿಲ್’ ಎಂಬ ಕುದುರೆಯನ್ನು ಒಂದು ತಲೆಯ ಅಂತರದಿಂದ ಸೋಲಿಸಿತು. ಗೆದ್ದದ್ದು ಬೆಂಡ್ ಓರ್ ಅಲ್ಲ, ಅದೇ ಲಾಯದ ಟ್ಯಾಡ್‌ಕಾಸ್ಟರ್ ಎಂಬ ಕುದುರೆಯೆಂದೂ, ಮರಿಗಳಾಗಿದ್ದಾಗಲೇ ಇವೆರಡೂ ಅದಲುಬದಲಾಗಿದ್ದುವೆಂದೂ ಸೋತವರು ಆಕ್ಷೇಪಿಸಿದರು. ವಿಚಾರಣೆ ನಡೆಸಿದ ಪಂದ್ಯಾಧಿಕಾರಿಗಳು ಆಕ್ಷೇಪಣೆಯನ್ನು ತಳ್ಳಿಹಾಕಿದರು. ಎರಡಕ್ಕೂ ತಂದೆ ಡಾಂಕಾಸ್ಟರನೇ ಆಗಿದ್ದುದರಿಂದ ತಂದೆಯ ಪರೀಕ್ಷೆಯಿಂದ ಏನನ್ನೂ ನಿರ್ಣಯಿಸುವಂತಿರಲಿಲ್ಲ. ವ್ಯತ್ಯಾಸವಿದ್ದುದು ತಾಯಂದಿರಲ್ಲಿ, ಗ್ರಂಥದ ಪ್ರಕಾರ ಬೆಂಡ್ ಓರ್‌ನ ತಾಯಿ ರೂಜ್ ರೋಸ್, ಟ್ಯಾಡ್‌ಕಾಸ್ಟರನ ತಾಯಿ ಕ್ಲೆಮೆನ್ಸ್. ತಾಯಿಯಿಂದಷ್ಟೇ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಎಂಬುದೊಂದಿದೆ. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಉಳಿದುಬಂದಿದ್ದ ಬೆಂಡ್ ಓರ್‌ನ ಅಸ್ಥಿಯಿಂದ ಅದನ್ನು ತೆಗೆದು, ಡರ್ಬಿ ನಡೆದು ನೂರು ವರ್ಷಗಳಿಗೂ ಮೀರಿದ ಮೇಲೆ ಹೋಲಿಸಿ ನೋಡಿದಾಗ, ಅದು ರೂಜ್ ರೋಸಳ ಮಾತೃವಂಶಕ್ಕೆ ಹೊಂದದೆ ಕ್ಲೆಮೆನ್ಸಳ ಮಾತೃವಂಶಕ್ಕೆ ಹೊಂದಿತು! ಇಲ್ಲಿಯೂ ಪರೀಕ್ಷೆಯ ಮಿತಿಯನ್ನು ಗಮನಿಸಬೇಕು: ರೂಜ್ ರೋಸಳನ್ನು ಅದು ನಿರಾಕರಿಸಿತು, ಕ್ಲೆಮೆನ್ಸಳೇ ತಾಯಿಯೆಂಬುದನ್ನು ಮಾತ್ರ, ಅದೇ ಮಾತೃವಂಶದ ಎಲ್ಲ ಹೆಣ್ಣುಗಳಲ್ಲಿಯೂ ಇರುವ ಗುರುತನ್ನು 1880ರ ಆ ಆಕ್ಷೇಪಣೆಯೊಡನೆ ಕೂಡಿಸಿ ನಾವು ಊಹಿಸುತ್ತೇವೆ. ಫಾಲಾರಿಸ್ ಎಂಬ ವಂಶಜ ಕುದುರೆಯ ಮೂಲಕ ಇಂದಿನ ಪಂದ್ಯಕುದುರೆಗಳ ಬಹುದೊಡ್ಡ ಪಾಲಿನ ಪಿತೃವಂಶವು ಈ ಬೆಂಡ್ ಓರ್‌ನನ್ನೇ ಹಾದುಬಂದಿರುವುದನ್ನು ನೆನೆದರೆ, ಗ್ರಂಥದ ಒಂದು ಸಾಲಿನ ತಪ್ಪು ಎಷ್ಟು ಜಾತಕಗಳಲ್ಲಿ ಅನುವರ್ತಿಸಿದೆಯೆಂಬುದು ಮನಸ್ಸಿಗೆ ಬಂದೀತು.

ಹರ್ಸ್ಟ್ ಮತ್ತು ವೆಲ್ಡನ್ ಕಾದಾಡಿದ ಆ ಹಳೆಯ ಸಂಪುಟಗಳು ಹೀಗೆ ಇನ್ನೂ ಓದಿ ಮುಗಿದಿಲ್ಲ. ತಂದೆಯಿಂದ ಮಗನಿಗೆ ಮಾತ್ರ ಸಾಗುವ ವೈ ವರ್ಣತಂತುವಿನ ಅಧ್ಯಯನವು ಈಚೆಗೆ ಪಿತೃವಂಶಗಳನ್ನೂ ಒರೆಗೆ ಹಚ್ಚತೊಡಗಿದೆ. ಬರಹದ ವಂಶಾವಳಿಗಿಂತ ಸಾಕುವವರ ನೆನಪನ್ನೇ ಬಹುಕಾಲ ನೆಚ್ಚಿಕೊಂಡು ಬಂದ ನಮ್ಮ ಮಾರವಾಡಿ, ಕಾಠಿಯಾವಾಡಿ ತಳಿಗಳಲ್ಲಂತೂ ಈ ಕೆಲಸಕ್ಕೆ ವಿಸ್ತಾರವಾದ ಅವಕಾಶವಿದೆ. ಪಶುವೈದ್ಯವನ್ನು ಓದುತ್ತಿರುವ ತರುಣರು ಇಂಥ ತಳಿಯ ಒಂದು ಮುದಿ ಗಂಡುಕುದುರೆ ಸಾಯುವ ಮುನ್ನ ಅದರ ಕೇಸರದ ನಾಲ್ಕು ಎಳೆಗಳನ್ನು ಬುಡಸಹಿತ ಕಿತ್ತು, ಒಣಗಿದ ಕಾಗದದ ಲಕೋಟೆಯಲ್ಲಿಟ್ಟು, ಅದರ ಹೆಸರು, ಊರು, ಒಡೆಯರು ಹೇಳುವ ತಂದೆತಾಯಿಗಳ ವಿವರ, ಇಷ್ಟನ್ನು ಮೇಲೆ ಬರೆದಿಡಲಿ. ಆ ಕುದುರೆಯ ಮರಿಮಕ್ಕಳ ವಂಶವನ್ನು ಮುಂದೊಂದು ದಿನ ಪರೀಕ್ಷಿಸುವವರಿಗೆ ಹೋಲಿಸಿ ನೋಡಲು ಬೇಕಾಗುವುದು ಆ ಲಕೋಟೆಯೇ.